ಪುಣೆಯ ನೆಲದಡಿಯ ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ಕನ್ನಡದವರು ನಾಲ್ಕು ಜನ ಸೇರಿದಲ್ಲಿ, ಅದರಲ್ಲೂ ಶಿವರಾತ್ರಿ ಕಳೆದ ಮೇಲೆ, ಮಾತು ನೀರಿನ ಕಡೆಗೇ ತಿರುಗುತ್ತದೆ. ಸೊಸೈಟಿ ಕಮಿಟಿಯವರು, ಕಟ್ಟಡ ಕೆಲಸಕ್ಕೆ ಬಂದವರು, ಹೋಟೆಲ್ ನಡೆಸುವವರು, ಮಗುವಿಗೆ ಯಾವ ನೀರು ಕೊಡೋದು ಎಂದು ಚಿಂತೆ ಮಾಡುವ ತಾಯಂದಿರು ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ನೀರು ಎಲ್ಲಿದೆ, ಎಷ್ಟಿದೆ

"ಪುಣೆ ಸುತ್ತ ಇಷ್ಟೊಂದು ಡ್ಯಾಮ್ ಇವೆ. ಆದ್ರೂ ನಮ್ಮ ಸೊಸೈಟಿಗೆ ಟ್ಯಾಂಕರ್ ಯಾಕೆ?"

ಖಡಕ್‌ವಾಸ್ಲಾ, ಪಾನ್‌ಶೇತ್, ವರಸ್‌ಗಾವ್, ಟೇಮ್‌ಘರ್ ನಾಲ್ಕೂ ಸೇರಿ ಸುಮಾರು 29 ಟಿಎಂಸಿ ನೀರು ಹಿಡಿಯುತ್ತವೆ. ಅದು ಪುಣೆಗೊಂದಕ್ಕೇ ಮೀಸಲಲ್ಲ. ಖಡಕ್‌ವಾಸ್ಲಾದಿಂದ ಹೊರಟ ಕಾಲುವೆ ದೌಂಡ್, ಇಂದಾಪುರದ ಹೊಲಗಳಿಗೂ ಹೋಗುತ್ತದೆ. ಇನ್ನೊಂದು ಕಾರಣ ಊರು ಬೆಳೆದ ರೀತಿ. 2017ರಲ್ಲಿ 11 ಹಳ್ಳಿ, 2021ರಲ್ಲಿ ಇನ್ನೂ 23 ಹಳ್ಳಿ ಪಾಲಿಕೆಗೆ ಸೇರಿದವು. ಊರ ಗಡಿ ಹಿಗ್ಗಿದಷ್ಟು ಬೇಗ ಪೈಪು ತಲುಪಲಿಲ್ಲ. ವಾಘೋಲಿ, ಉಂಡ್ರಿ, ಪಿಸೋಳಿ ಕಡೆ ಎಷ್ಟೋ ಕಟ್ಟಡಗಳು ಬೋರ್ ಮತ್ತು ಟ್ಯಾಂಕರ್ ನಂಬಿಕೊಂಡೇ ಎದ್ದು ನಿಂತಿವೆ.

ಇಲ್ಲೊಂದು ವಿಷಯ ಜನರ ಗಮನಕ್ಕೆ ಬರುವುದಿಲ್ಲ. ಡ್ಯಾಮ್ ತುಂಬಿತು ಅಂದರೆ ಘಟ್ಟದಲ್ಲಿ ಮಳೆಯಾಯಿತು ಎಂದಷ್ಟೇ ಅರ್ಥ. ತಾಮ್ಹಿಣಿ ಕಡೆ ವರ್ಷಕ್ಕೆ 5000 ಮಿ.ಮೀ. ದಾಟುವುದುಂಟು. ಪುಣೆ ಊರಲ್ಲಿ ಬೀಳುವುದು 700 ಮಿ.ಮೀ. ಆಸುಪಾಸು. ನಿಮ್ಮ ಬೋರಿಗೆ ನೀರು ಬರಬೇಕಾದದ್ದು ನಿಮ್ಮ ಏರಿಯಾದಲ್ಲಿ ಬಿದ್ದ ಈ ಮಳೆಯಿಂದ. ಹಾಗಾಗಿ ಡ್ಯಾಮ್ ತುಂಬಿದ ವರ್ಷವೂ ಬೋರ್ ಒಣಗಬಹುದು.

"ಪಕ್ಕದ ಸೈಟಲ್ಲಿ 150 ಅಡಿಗೇ ನೀರು ಬಂತು. ನಮ್ಮಲ್ಲಿ 500 ಅಡಿ ಹೋದ್ರೂ ಬರೀ ಧೂಳು. ಇದು ಹೇಗೆ?"

ಪುಣೆ ನಿಂತಿರುವುದು ದಖ್ಖನ್ನಿನ ಕರಿಕಲ್ಲಿನ ಮೇಲೆ, ಅಂದರೆ ಬಸಾಲ್ಟ್. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಮತ್ತೆ ಮತ್ತೆ ಉಕ್ಕಿ ಹರಿದು, ದೋಸೆ ಮೇಲೆ ದೋಸೆ ಪೇರಿಸಿದ ಹಾಗೆ ಪದರ ಪದರವಾಗಿ ತಣ್ಣಗಾಯಿತು. ಕೆಲವು ಪದರಗಳಲ್ಲಿ ಸಣ್ಣ ಸಣ್ಣ ತೂತುಗಳಿವೆ, ಕೆಲವು ಒತ್ತಾಗಿ ಗಟ್ಟಿಯಾಗಿವೆ. ನೀರು ಇರುವುದು ಮೇಲಿನ ಮೊರಂನಲ್ಲಿ (ಸವೆದು ಪುಡಿಯಾದ ಕಲ್ಲಿನ ಪದರ), ಕಲ್ಲಿನ ಬಿರುಕುಗಳಲ್ಲಿ, ಎರಡು ಪದರ ಕೂಡುವ ಜಾಗದಲ್ಲಿ. ನಮ್ಮ ಜನ ಹೇಳುವ 'ಪಾತಾಳಗಂಗೆ', ಅಂದರೆ ಕೆಳಗೆ ಹರಿಯುವ ನದಿ, ಇಲ್ಲಿ ಇಲ್ಲ. ಪಕ್ಕದವರ ಬೋರ್ ಬಿರುಕಿಗೆ ಸಿಕ್ಕಿತು, ನಿಮ್ಮದು ಗಟ್ಟಿ ಕಲ್ಲಿಗೆ ಸಿಕ್ಕಿತು, ಅಷ್ಟೇ.

ಬೋರ್ ಗಾಡಿ ಕೊರೆಯುವಾಗ ಹತ್ತಿರ ನಿಂತು ನೋಡಿ. ಮೊದಲು ಕಂದು ಮೊರಂ ಬರುತ್ತದೆ. ಆಮೇಲೆ ಬೂದು ಪುಡಿ. ನಡುವೆ ಒಮ್ಮೊಮ್ಮೆ ಇಟ್ಟಿಗೆ ಬಣ್ಣದ ಕೆಸರು ಉಕ್ಕುತ್ತದೆ. ಒಂದು ಲಾವಾ ತಣ್ಣಗಾಗಿ ಇನ್ನೊಂದು ಹರಿದು ಬರುವ ಮೊದಲು, ಗಾಳಿ ಮಳೆಗೆ ಸವೆದು ಮಣ್ಣಾಗಿದ್ದ ನೆಲ ಅದು. ಎಷ್ಟು ಅಡಿಗೆ ಯಾವ ಬಣ್ಣ ಬಂತು ಎಂದು ಬರೆದಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ. ತೆಂಗಿನಕಾಯಿ ಹಿಡಿದು ನೀರು ತೋರಿಸುವವರಿಗೆ ಕೊಡುವ ದುಡ್ಡನ್ನು ಒಬ್ಬ ಭೂವಿಜ್ಞಾನಿಗೆ ಕೊಡಿ ಎಂದು ಬೇಡಿಕೊಳ್ಳುತ್ತೇನೆ. ಮಹಾರಾಷ್ಟ್ರ ಸರ್ಕಾರದ ಅಂತರ್ಜಲ ಸಮೀಕ್ಷಾ ಸಂಸ್ಥೆಯ ಮುಖ್ಯ ಕಚೇರಿ ಪುಣೆಯಲ್ಲೇ ಇದೆ.

"ಕೆಳಗೆ ಒಟ್ಟು ಎಷ್ಟು ನೀರಿರುತ್ತೆ? ಲೆಕ್ಕ ಹಾಕಿ ಹೇಳ್ತೀರಾ?"

ಅಂದಾಜು ಲೆಕ್ಕ ಹಾಕೋಣ. ಈ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ನಿಮ್ಮದು ನೂರು ಫ್ಲ್ಯಾಟಿನ ಸೊಸೈಟಿ, ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದಿಟ್ಟುಕೊಳ್ಳಿ. ದಿನಕ್ಕೆ 54,000 ಲೀಟರ್ ಬೇಕು. ಜಾಗ ಒಂದು ಎಕರೆ, ಸುಮಾರು 4000 ಚದರ ಮೀಟರ್. ಇಲ್ಲಿನ ಕಲ್ಲಿನಿಂದ ಹೊರಗೆ ಎಳೆಯಲು ಸಿಗುವ ನೀರು ಕಲ್ಲಿನ ಗಾತ್ರದ ನೂರಕ್ಕೆ ಒಂದರಿಂದ ಮೂರು ಪಾಲು. ಎರಡು ಪಾಲು ಎಂದು ಹಿಡಿದರೆ, ಆ ಎಕರೆಯ ಅಡಿ ನೀರಿನ ಮಟ್ಟ ಒಂದು ಮೀಟರ್ ಇಳಿದಾಗ ಸಿಗುವುದು 80,000 ಲೀಟರ್. ಅದು ನಿಮ್ಮ ಒಂದೂವರೆ ದಿನದ ಖರ್ಚು!

ಇನ್ನು ಮಳೆ. ಆ ಎಕರೆಯ ಮೇಲೆ ವರ್ಷಕ್ಕೆ 28 ಲಕ್ಷ ಲೀಟರ್ ಬೀಳುತ್ತದೆ. ತಾನಾಗಿ ಇಂಗುವುದು ಹತ್ತರಲ್ಲಿ ಒಂದು ಪಾಲು ಅಂದರೆ 2.8 ಲಕ್ಷ. ಅದು ಐದು ದಿನಕ್ಕೆ ಸಾಕು. ಉಳಿದ 360 ದಿನ ನಿಮ್ಮ ಬೋರ್ ಎಳೆಯುವುದು ಸುತ್ತಲಿನ ನೆಲದಡಿಯಿಂದ ಹರಿದು ಬಂದ ನೀರನ್ನು. ಪಕ್ಕದ ಸೊಸೈಟಿಯೂ ಅದನ್ನೇ ಎಳೆಯುತ್ತಿದೆ.

"ಹಾಗಿದ್ರೆ ಇನ್ನೂ ಆಳಕ್ಕೆ ಹೋದ್ರೆ ಸಿಗಲ್ವಾ?"

ಸಿಕ್ಕರೂ ಬಾಳುವುದು ಕಡಿಮೆ. ಮೇಲಿನ ಮೊರಂ ಪ್ರತಿ ಮಳೆಗಾಲ ತುಂಬಿಕೊಳ್ಳುತ್ತದೆ. ಆಳದ ಬಿರುಕಿಗೆ ನೀರು ಇಳಿಯುವುದು ತುಂಬಾ ನಿಧಾನ. ಒಂದೆರಡು ಬೇಸಿಗೆ ಜೋರಾಗಿ ಬಂದು ಆಮೇಲೆ ನಿಂತುಹೋದ ಬೋರ್‌ಗಳ ಕಥೆ ನಿಮ್ಮ ಏರಿಯಾದಲ್ಲೂ ಇರುತ್ತದೆ. ಇದೇ ಕಾರಣಕ್ಕೆ 2009ರ ಮಹಾರಾಷ್ಟ್ರ ಅಂತರ್ಜಲ ಕಾಯ್ದೆ 60 ಮೀಟರ್‌ಗಿಂತ, ಅಂದರೆ ಸುಮಾರು 200 ಅಡಿಗಿಂತ, ಆಳವಾದ ಬಾವಿಗಳನ್ನು ಬೇರೆಯಾಗಿ ಎಣಿಸುತ್ತದೆ. ಅಧಿಸೂಚಿತ ಪ್ರದೇಶಗಳಲ್ಲಿ ಬೇಸಾಯಕ್ಕೆ, ಕಾರ್ಖಾನೆಗೆ ಅಷ್ಟು ಆಳ ಕೊರೆಯುವುದಕ್ಕೆ ತಡೆ ಹಾಕುತ್ತದೆ.

"ಟ್ಯಾಂಕರ್ ನೀರು ಎಲ್ಲಿಂದ ತರ್ತಾರೆ?"

ಸ್ವಲ್ಪ ಪಾಲಿಕೆಯ ತುಂಬುವ ಕೇಂದ್ರಗಳಿಂದ. ಇನ್ನುಳಿದದ್ದು ಊರಂಚಿನ ಬಾವಿ, ಬೋರ್‌ಗಳಿಂದ. ಕೆಲವು ಬಾವಿಗಳು ಮೇ ತಿಂಗಳಲ್ಲೂ ತುಂಬಿರುತ್ತವೆ. ಕಾಲುವೆ ಪಕ್ಕದ ಬಾವಿಗೆ ಕಾಲುವೆಯ ಒಸರು ಬರುತ್ತಿರುತ್ತದೆ. ನಾಲಾ, ಅಂದರೆ ಕೊಳಚೆ ಹರಿಯುವ ಹಳ್ಳ, ಅದರ ಪಕ್ಕದ ಬಾವಿಗೆ ಆ ಹಳ್ಳದ್ದು. ಎರಡನೆಯದೇ ಭಯದ ವಿಷಯ. ಡ್ರೈವರ್ ಹತ್ತಿರ ಸುಮ್ನೆ ರೇಟ್ ಮಾತಾಡಿ ಬಿಡಬೇಡಿ. ಎಲ್ಲಿ ತುಂಬಿಸಿದ್ದು, ಕ್ಲೋರಿನ್ ಹಾಕಿದ್ದಾರಾ, ಈ ಟ್ಯಾಂಕಿನಲ್ಲಿ ಬೇರೆ ಏನಾದರೂ ಸಾಗಿಸುತ್ತಾರಾ ಎಂದು ಕೇಳಿ, ಗೇಟಿನ ರಿಜಿಸ್ಟರಿನಲ್ಲಿ ಬರೆಸಿ.

## ಕುಡಿಯುವ ಮಾತು

"ಬೋರ್ ನೀರು ಕನ್ನಡಿ ತರ ತಿಳಿ ಇದೆ. ಹಾಗೇ ಕುಡಿಬಹುದಲ್ವಾ?"

ಬೇಡ. ಮರಳು, ಮಣ್ಣಿನ ನೆಲದಲ್ಲಿ ನೀರು ಸೋಸಿಕೊಂಡು ಇಳಿಯುತ್ತದೆ. ಬಸಾಲ್ಟಿನ ಬಿರುಕಿನಲ್ಲಿ ಸೋಸುವುದಕ್ಕೆ ಏನೂ ಇಲ್ಲ. ಸೆಪ್ಟಿಕ್ ಟ್ಯಾಂಕಿನಿಂದ, ಒಡೆದ ಚರಂಡಿ ಪೈಪಿನಿಂದ ಸೋರಿದ್ದು ಬಿರುಕು ಹಿಡಿದು ಸೀದಾ ಬೋರಿಗೆ ಬರಬಹುದು. ಬಣ್ಣ ಇರುವುದಿಲ್ಲ, ವಾಸನೆಯೂ ಇರುವುದಿಲ್ಲ.

ವರ್ಷಕ್ಕೆರಡು ಸಲ, ಬೇಸಿಗೆಯ ಕೊನೆಗೆ ಮತ್ತು ಮಳೆಗಾಲದ ನಡುವೆ, ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ವರದಿ ಬಂದಾಗ ಭಾರತೀಯ ಮಾನಕ 10500ರ ಈ ಅಂಕಿಗಳ ಜೊತೆ ಹೋಲಿಸಿ: 100 ಮಿ.ಲೀ. ನೀರಿನಲ್ಲಿ ಇ. ಕೋಲಿ ಒಂದೂ ಇರಬಾರದು. ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ದಾಟಬಾರದು. ಗಡಸುತನ 200ರೊಳಗೆ ಇದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಟಿಡಿಎಸ್‌ಗೆ, ಅಂದರೆ ನೀರಿನಲ್ಲಿ ಕರಗಿದ ಒಟ್ಟು ಲವಣಕ್ಕೆ, ಅದೇ ರೀತಿ 500 ಮತ್ತು 2000. ಗೀಸರ್‌ನಲ್ಲಿ ಬಿಳಿ ಹೆಪ್ಪು ಕಟ್ಟುವುದು, ಸೋಪು ನೊರೆ ಬಾರದಿರುವುದು ಗಡಸುತನದಿಂದ. ಅದು ಕಿರಿಕಿರಿ, ಕಾಯಿಲೆಯಲ್ಲ. ಇ. ಕೋಲಿ ಕಂಡರೆ ಮಾತ್ರ ಅವತ್ತೇ ಆ ನೀರು ಕುಡಿಯುವುದು ನಿಲ್ಲಿಸಬೇಕು.

ಲ್ಯಾಬಿಗೆ ಕೊಡುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಎಚ್‌ಟುಎಸ್ ಸೀಸೆ ಎಂದು ಸಿಗುತ್ತದೆ. ಗುರುತಿನವರೆಗೆ ನೀರು ತುಂಬಿ ಮುಚ್ಚಿ, ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಡಿ. ನೀರು ಮಸಿಯಂತೆ ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಸೇರಿರುವ ಸಾಧ್ಯತೆ ಜಾಸ್ತಿ. ನೂರು ಸಲ ಹೇಳಿದರೂ ನಂಬದ ಕಮಿಟಿ ಸದಸ್ಯರು ಆ ಕಪ್ಪು ಸೀಸೆ ನೋಡಿದ ಕೂಡಲೇ ಎದ್ದು ಕೂರುತ್ತಾರೆ.

"2025ರಲ್ಲಿ ಸಿಂಹಗಡ ರೋಡಲ್ಲಿ ಜಿಬಿಎಸ್ ಬಂತಲ್ಲ, ಅದು ನೀರಿಂದಲೇನಾ?"

ಅನುಮಾನ ನೀರಿನ ಮೇಲೇ ಬಿತ್ತು, ಅದಕ್ಕೆ ಕಾರಣವೂ ಇತ್ತು. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ನಾಂದೇಡ್ ಗಾವ್, ಕಿರ್ಕಟವಾಡಿ, ಧಾಯರಿ ಭಾಗದಲ್ಲಿ ಗಿಲ್ಲನ್ ಬಾರೆ ಸಿಂಡ್ರೋಮ್ ಕಾಣಿಸಿಕೊಂಡಿತು. ಪುಣೆ ಸುತ್ತ ಶಂಕಿತ ರೋಗಿಗಳ ಸಂಖ್ಯೆ 200 ದಾಟಿತು, ಕೆಲವರು ತೀರಿಕೊಂಡರು. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹೊಟ್ಟೆಯ ಸೋಂಕು ಬಂದು ಹೋದ ಮೇಲೆ, ಅಪರೂಪಕ್ಕೆ ಕೆಲವರಲ್ಲಿ, ದೇಹದ ರಕ್ಷಣಾ ಶಕ್ತಿಯೇ ನರಗಳ ಮೇಲೆ ತಿರುಗಿಬೀಳುತ್ತದೆ. ಹಲವು ರೋಗಿಗಳ ಮಲದ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ, ಕೆಲವರಲ್ಲಿ ನೊರೊವೈರಸ್ ಸಿಕ್ಕಿತು.

ಅದು ಪಾಲಿಕೆಗೆ ಹೊಸದಾಗಿ ಸೇರಿದ ಭಾಗ. ಪೂರ್ತಿ ಶುದ್ಧೀಕರಣ ಆದ ನೀರಿನ ಬದಲು ದೊಡ್ಡ ಬಾವಿಯೊಂದರ ನೀರಿಗೆ ಕ್ಲೋರಿನ್ ಹಾಕಿ ಕೊಡಲಾಗುತ್ತಿತ್ತು. ಆಮೇಲೆ ಖಾಸಗಿ ಆರ್‌ಓ ಘಟಕಗಳನ್ನು ತಪಾಸಣೆ ಮಾಡಿ, ಹಲವಕ್ಕೆ ಪಾಲಿಕೆ ಬೀಗ ಹಾಕಿತು. ಊರು ಬೆಳೆದು ಚರಂಡಿ, ಪೈಪು ಹಿಂದೆ ಉಳಿದರೆ ಮೊದಲು ಬೆಲೆ ತೆರುವವರು ಅಂಚಿನಲ್ಲಿರುವವರೇ. ಇದನ್ನು ಮರೆಯಬಾರದು.

"ಮನೇಲಿ ಆರ್‌ಓ ಇದೆ. ಟಿಡಿಎಸ್ ಮೀಟರ್ 80 ತೋರಿಸುತ್ತೆ. ಇನ್ನೇನು ಚಿಂತೆ?"

ಟಿಡಿಎಸ್ ಮೀಟರ್ ಅಳೆಯುವುದು ಕರಗಿದ ಉಪ್ಪನ್ನು ಮಾತ್ರ. ಬ್ಯಾಕ್ಟೀರಿಯಾ ಅದಕ್ಕೆ ಕಾಣಿಸುವುದೇ ಇಲ್ಲ. 80 ತೋರಿಸುವ ನೀರಿನಲ್ಲೂ ಇ. ಕೋಲಿ ಇರಬಹುದು, ಫಿಲ್ಟರ್ ಹಳೆಯದಾಗಿದ್ದರಂತೂ ಇನ್ನೂ. ಜೊತೆಗೆ ಆರ್‌ಓ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚೆಲ್ಲುತ್ತದೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬೇಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಡ್ಯಾಮಿನ ನಲ್ಲಿ ನೀರು ಬರುವ ಮನೆಗೆ ಯುವಿ ಫಿಲ್ಟರ್ ಸಾಕು. ಗಡಸು ಬೋರ್ ನೀರೇ ಗತಿಯಾದರೆ ಆರ್‌ಓ ಇಟ್ಟುಕೊಳ್ಳಿ, ಚೆಲ್ಲುವ ನೀರನ್ನು ನೆಲ ಒರೆಸಲು ಹಿಡಿದಿಡಿ.

"ಕಾಯಿಸಿ ಕುಡಿದ್ರೆ ಎಲ್ಲಾ ಹೋಗುತ್ತಾ?"

ರೋಗಾಣು ಸಾಯುತ್ತದೆ. ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಪುಡಿ ಹಾಲು ಕಲಸುವ ಮನೆಗಳಲ್ಲಿ ಇದು ನೆನಪಿರಬೇಕು. ನೈಟ್ರೇಟ್ ಜಾಸ್ತಿಯಾದರೆ ಮಗುವಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ತಗ್ಗಿ, ಮೈ ನೀಲಿಗಟ್ಟಬಹುದು.

"ನಾವು ಸೈಟ್ ಮ್ಯಾಲೇ ಇರೋರ್ರಿ. ಸಿಗೋದು ಅದೇ ಬೋರಿನ ನೀರು, ಡ್ರಮ್ಮಿನಾಗ ತುಂಬಿಡ್ತೀವಿ. ಏನ್ ಮಾಡೂದ್ರಿ?"

ಕಲಬುರಗಿ, ವಿಜಯಪುರ, ಯಾದಗಿರಿಯಿಂದ ಬಂದು ಈ ಊರು ಕಟ್ಟುತ್ತಿರುವ ಅಣ್ಣ, ಅಕ್ಕಂದಿರ ಪ್ರಶ್ನೆ ಇದು. ಕುಡಿಯುವ ನೀರು ಕೊಡುವುದು ಕೆಲಸ ಕೊಟ್ಟವರ ಹೊಣೆ, ಮುಲಾಜಿಲ್ಲದೆ ಕೇಳಿ. ಅದು ಬರುವವರೆಗೆ ಹೀಗೆ ಮಾಡಿ: 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್. ಪುಡಿಯನ್ನು ಸೀದಾ ಹಾಕಬೇಡಿ. ಬಕೆಟ್ಟಿನಲ್ಲಿ ಕಲಸಿ, ಗಸಿ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಿರಿ. ಅರ್ಧ ಗಂಟೆ ಬಿಡಿ. ಊರಲ್ಲಿ ಪಂಚಾಯಿತಿ ನೀರುಗಂಟಿ ಮಾಡುವ ಓಟಿ ಪರೀಕ್ಷೆಯೇ ಇಲ್ಲೂ ನಡೆಯುತ್ತದೆ: ಓಟಿ ದ್ರಾವಣದ ಹನಿ ಹಾಕಿದಾಗ ನೀರು ಹಳದಿಯಾದರೆ ಕ್ಲೋರಿನ್ ಉಳಿದಿದೆ. ಡ್ರಮ್ಮಿಗೆ ಮುಚ್ಚಳ ಇರಲಿ. ಚೊಂಬು ಅದ್ದಿ ತೆಗೆಯಬೇಡಿ, ಹಿಡಿ ಉದ್ದ ಇರುವ ಸೌಟೋ ನಲ್ಲಿಯೋ ಇರಲಿ.

## ನೆಲದ ಮೇಲಿನ ಒತ್ತಡ

"ಇದಕ್ಕೆಲ್ಲ ಕಾರಣ ಬಿಲ್ಡರ್‌ಗಳಾ, ಕಬ್ಬು ಬೆಳೆಯೋರಾ?"

ಎರಡೂ, ಆದರೆ ಬೇರೆ ಬೇರೆ ಜಾಗದಲ್ಲಿ. ಕಬ್ಬಿಗೆ 1500 ಮಿ.ಮೀ.ಗೂ ಜಾಸ್ತಿ ನೀರು ಬೇಕು. ಬಾರಾಮತಿ, ಇಂದಾಪುರದಲ್ಲಿ ಮಳೆ 500 ಮಿ.ಮೀ. ಆಸುಪಾಸು. ಉಳಿದದ್ದು ಕಾಲುವೆ ಮತ್ತು ಬಾವಿಯಿಂದ. ಹಾಕಿದ ಯೂರಿಯಾದಲ್ಲಿ ಬೆಳೆ ಹೀರದೆ ಉಳಿದದ್ದು ನೈಟ್ರೇಟಾಗಿ ಬಾವಿಗೆ ಇಳಿಯುತ್ತದೆ. ಅಲ್ಲಿನ ರೈತರನ್ನು ಬೈದು ಪ್ರಯೋಜನವಿಲ್ಲ. ಕಾರ್ಖಾನೆ ಖರೀದಿ ಖಚಿತ ಇರುವ ಬೆಳೆ ಬಿಟ್ಟು ಜೋಳ ಬಿತ್ತಿ ಎಂದರೆ ಯಾರು ಕೇಳುತ್ತಾರೆ?

ಊರೊಳಗಿನ ಕಥೆ ಬೇರೆ. ಬಾಣೇರ್, ಬಾಲೇವಾಡಿ ಕಡೆ ಮೇ ತಿಂಗಳಲ್ಲಿ ನಡೆದು ಹೋಗುವಾಗ ಗಮನಿಸಿ. ಹೊಸ ಕಟ್ಟಡದ ಗೇಟಿನ ಪಕ್ಕ, ದಪ್ಪ ಪೈಪಿನಿಂದ ತಿಳಿನೀರು ಮಳೆ ಮೋರಿಗೆ ಬೀಳುತ್ತಿರುತ್ತದೆ. ಎರಡು ಮೂರು ಅಂತಸ್ತಿನ ಬೇಸ್‌ಮೆಂಟಿಗಾಗಿ ಕಲ್ಲು ಒಡೆದಾಗ ನೀರಿನ ಪದರವೂ ಒಡೆದಿರುತ್ತದೆ. ಒಸರಿದ ನೀರನ್ನು ಹಗಲು ರಾತ್ರಿ ಪಂಪು ಮಾಡಿ ಹೊರಗೆ ಚೆಲ್ಲುತ್ತಾರೆ. ಅದೇ ಗೇಟಿನಿಂದ ಟ್ಯಾಂಕರ್ ಒಳಗೆ ಹೋಗುತ್ತಿರುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಬೇಸ್‌ಮೆಂಟಿನಲ್ಲೂ ಹೀಗಿದ್ದರೆ ಆ ನೀರನ್ನು ಪರೀಕ್ಷೆ ಮಾಡಿಸಿ, ಫ್ಲಶ್‌ಗೆ, ಗಿಡಕ್ಕೆ ತಿರುಗಿಸಿ.

"ಟೇಕಡಿ ಉಳಿಸಿ ಅಂತ ಹೋರಾಟ ಮಾಡ್ತಾರಲ್ಲ, ಗುಡ್ಡಕ್ಕೂ ನೀರಿಗೂ ಏನ್ ಸಂಬಂಧ?"

ವೇತಾಳ್ ಟೇಕಡಿ, ತಳಜಾಯಿ, ಪಾಷಾಣ್ ಗುಡ್ಡಗಳು ಊರ ನಡುವೆ ಉಳಿದಿರುವ, ಮಳೆ ಇಂಗುವ ಜಾಗಗಳು. ಇಳಿಜಾರಿನಲ್ಲಿ ಪದರಗಳ ಬಿರುಕು ಬಾಯಿ ತೆರೆದುಕೊಂಡಿರುತ್ತದೆ. ಹುಲ್ಲು, ಗಿಡ ನೀರನ್ನು ತಡೆದು ನಿಲ್ಲಿಸುತ್ತವೆ. ಅಲ್ಲಿ ಇಳಿದದ್ದು ತಪ್ಪಲಿನ ಬಾವಿಗಳಲ್ಲಿ ಕಾಣಿಸುತ್ತದೆ. ಇಳಿಜಾರನ್ನು ಕಾಂಕ್ರೀಟ್ ಮಾಡಿದರೆ ಅದೇ ಮಳೆ ಅರ್ಧ ಗಂಟೆಯಲ್ಲಿ ರಸ್ತೆಗೆ ಬಂದು ಕಾರು ಮುಳುಗಿಸುತ್ತದೆ, ಬಾವಿಗೆ ಏನೂ ಸಿಗುವುದಿಲ್ಲ.

ಗುಡ್ಡದ ನೀರಿನ ಬೆಲೆ ಪೇಶ್ವೆಯರಿಗೆ ಗೊತ್ತಿತ್ತು. ನಾನಾಸಾಹೇಬ್ ಪೇಶ್ವೆ 1750ರ ಸುಮಾರಿಗೆ ಕಾತ್ರಜ್‌ನಲ್ಲಿ ಕೆರೆ ಕಟ್ಟಿಸಿ, ನೆಲದಡಿಯ ಕಲ್ಲುಗಾರೆಯ ಕಾಲುವೆಯಲ್ಲಿ ಶನಿವಾರವಾಡಾದವರೆಗೆ, ಪೇಟೆಗಳ 'ಹೌದ್'ಗಳವರೆಗೆ, ಅಂದರೆ ನೀರಿನ ತೊಟ್ಟಿಗಳವರೆಗೆ, ನೀರು ತಂದರು. ಪಂಪಿಲ್ಲ, ಬರೀ ಇಳಿಜಾರು.

"ಕಸದ ಡಿಪೋ ಹತ್ತಿರ ಫ್ಲ್ಯಾಟ್ ಅಗ್ಗಕ್ಕೆ ಸಿಗ್ತಿದೆ. ತಗೋಬಹುದಾ?"

ನೀರು ನೋಡದೆ ತಗೋಬೇಡಿ. ಉರುಳಿ ದೇವಾಚಿ, ಫುರಸುಂಗಿಯವರ ಪಾಡು ನೋಡಿ. ಪುಣೆಯ ಕಸ ವರ್ಷಗಟ್ಟಲೆ ಅಲ್ಲಿ ಬಿದ್ದು, ಕೊಳೆತ ಕಪ್ಪು ರಸ ನೆಲಕ್ಕಿಳಿದು ಬಾವಿಗಳು ಕೆಟ್ಟವು. ಊರಿನವರು ಕಸದ ಗಾಡಿ ತಡೆದು ಮತ್ತೆ ಮತ್ತೆ ಹೋರಾಡಬೇಕಾಯಿತು. ಕಸ ಹಾಕುವುದು ನಿಂತ ಮೇಲೂ ಕಲ್ಲಿನ ಬಿರುಕಿನಲ್ಲಿ ಸೇರಿದ್ದು ಬೇಗ ತೊಳೆದುಹೋಗುವುದಿಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

"ಮಳೆಕೊಯ್ಲು ಮಾಡಿದ್ರೆ ಟ್ಯಾಂಕರ್ ನಿಲ್ಲುತ್ತಾ?"

ಪೂರ್ತಿ ನಿಲ್ಲುವುದಿಲ್ಲ, ಹಾಗೆಂದು ಹೇಳಿ ಮಾರುವವರನ್ನು ನಂಬಬೇಡಿ. 1000 ಚದರ ಮೀಟರ್ ತಾರಸಿಯಿಂದ ವರ್ಷಕ್ಕೆ ಸುಮಾರು ಐದೂವರೆ ಲಕ್ಷ ಲೀಟರ್ ಹಿಡಿಯಬಹುದು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 55. ನೂರು ಮನೆಗೆ ಅದು ಹತ್ತು ದಿನದ ನೀರು. ಹಾಗಂತ ಬಿಡಬೇಡಿ. ಆ ನೀರು ಇಂಗಿದರೆ ಬೋರ್ ಒಂದಷ್ಟು ವಾರ ಜಾಸ್ತಿ ಬಾಳುತ್ತದೆ, ಗಡಸುತನವೂ ಇಳಿಯಬಹುದು.

ಟ್ಯಾಂಕರ್ ಕಡಿಮೆ ಮಾಡುವುದು ಬಳಸಿದ ನೀರನ್ನು ಮತ್ತೆ ಬಳಸಿದಾಗ. ಮನೆಗೆ ಬಂದ ನೀರಿನಲ್ಲಿ ಸುಮಾರು ನೂರಕ್ಕೆ 80 ಪಾಲು ಚರಂಡಿಗೆ ಹೋಗುತ್ತದೆ. ಮನೆ ಖರ್ಚಿನಲ್ಲಿ ಫ್ಲಶ್ ಒಂದೇ ಕಾಲು ಭಾಗಕ್ಕಿಂತ ಜಾಸ್ತಿ ತಿನ್ನುತ್ತದೆ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಸರಿಯಾಗಿ ನಡೆದು, ಫ್ಲಶ್‌ಗೆ ಬೇರೆ ಪೈಪು ಇದ್ದರೆ ಐದು ಟ್ಯಾಂಕರ್ ಬರುವ ಕಡೆ ನಾಲ್ಕಕ್ಕೆ ಇಳಿಸಬಹುದು. ಅದೂ 365 ದಿನ.

"ಸತ್ತುಹೋದ ಬೋರಿಗೆ ಮಳೆನೀರು ಬಿಡಬಹುದಾ?"

ತಾರಸಿ ನೀರು, ಮೊದಲ ಮಳೆ ಚೆಲ್ಲಿದ ಮೇಲೆ, ಜಲ್ಲಿ ಮರಳಿನಲ್ಲಿ ಸೋಸಿ ಬಿಡಬಹುದು. ಪಾರ್ಕಿಂಗ್ ನೀರು, ರಸ್ತೆ ನೀರು, ಎಸ್‌ಟಿಪಿ ನೀರು ಎಂದೂ ಬೇಡ. ಬೋರ್ ಅಂದರೆ ಬಿರುಕಿಗೆ ಸೀದಾ ಬಾಗಿಲು. ಎಣ್ಣೆ, ಕೊಳಕು ಒಮ್ಮೆ ಒಳಗೆ ಹೋದರೆ ಸುತ್ತಲಿನ ಹತ್ತು ಬೋರ್ ಕೆಡುತ್ತವೆ. ಅನುಮಾನ ಇದ್ದರೆ ಬೋರ್ ಬಿಟ್ಟು ಇಂಗುಗುಂಡಿ ತೋಡಿ.

"ನಮ್ಮೂರು ಅಫಜಲಪುರ. ಪುಣೆದ ಹೊಲಸು ನಮ್ಮ ಭೀಮಾಕ್ಕ ಬರ್ತದೇನ್ರಿ?"

ದಾರಿ ಅಂತೂ ಒಂದೇ. ಮುಳಾ, ಮುಠಾ ಪುಣೆಯ ಸಂಗಮದಲ್ಲಿ ಸೇರಿ, ಮುಂದೆ ಭೀಮೆಗೆ ಬೀಳುತ್ತವೆ. ಭೀಮೆ ಉಜನಿ ಜಲಾಶಯಕ್ಕೆ, ಅಲ್ಲಿಂದ ಪಂಢರಪುರಕ್ಕೆ, ಆಮೇಲೆ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತದೆ. ಗಾಣಗಾಪುರದಲ್ಲಿ ನಾವು ಮುಳುಗು ಹಾಕುವುದೂ ಇದೇ ಹೊಳೆಯಲ್ಲಿ.

ಪುಣೆಯ ಕೊಳಕು ಅಷ್ಟೂ ಹಾಗೇ ಬರುವುದಿಲ್ಲ. ಉಜನಿಯಲ್ಲಿ ನೀರು ನಿಂತು, ಬಹಳಷ್ಟು ಕೆಳಗೆ ಕೂರುತ್ತದೆ, ಕೊಳೆಯುತ್ತದೆ. ಆ ಭಾರ ಹೊರುವುದು ಉಜನಿ. ಸಾರಜನಕ, ರಂಜಕ ತಿಂದು ಅಲ್ಲಿ ಹಸಿರು ಪಾಚಿ ಹಬ್ಬುತ್ತದೆ, ಸೋಲಾಪುರ ನಗರ ಆ ಜಲಾಶಯದ್ದೇ ನೀರು ಕುಡಿಯುತ್ತದೆ. ಕರಗಿದ ಉಪ್ಪು, ನೈಟ್ರೇಟ್ ಮುಂದೆ ಸಾಗುತ್ತವೆ. ದಾರಿಯ ಊರುಗಳು, ಸಕ್ಕರೆ ಕಾರ್ಖಾನೆಗಳು ತಮ್ಮದನ್ನೂ ಸೇರಿಸುತ್ತವೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಬ್ಯಾರೇಜಿನ ಹಿಂದೆ ನಿಂತ ನೀರು ಕೆಡುವುದು ಇದೆಲ್ಲ ಕೂಡಿ. ಪುಣೆಯಲ್ಲಿ ಜೈಕಾ (ಜಪಾನ್ ಸರ್ಕಾರದ ನೆರವು ಸಂಸ್ಥೆ) ಸಾಲದ ಯೋಜನೆಯಲ್ಲಿ ಒಟ್ಟು 396 ಎಂಎಲ್‌ಡಿಯ, ಅಂದರೆ ದಿನಕ್ಕೆ 39.6 ಕೋಟಿ ಲೀಟರಿನ, 11 ಎಸ್‌ಟಿಪಿ ಕಟ್ಟುವ ಒಪ್ಪಂದ 2016ರಲ್ಲೇ ಆಯಿತು. ಕೆಲಸ ವರ್ಷಗಟ್ಟಲೆ ಎಳೆಯಿತು. ಇಲ್ಲಿ ದುಡಿದು ಊರಿಗೆ ದುಡ್ಡು ಕಳಿಸುವ ನಮ್ಮವರಿಗೆ ಈ ವಿಳಂಬದ ಬಗ್ಗೆ ಕೇಳುವ ಹಕ್ಕು ಉಳಿದವರಿಗಿಂತ ಒಂದು ಕೈ ಜಾಸ್ತಿಯೇ ಇದೆ.

"ಕಮಿಟಿಯಲ್ಲಿ ನಾನೊಬ್ಬನೇ ಇದರ ಬಗ್ಗೆ ಮಾತಾಡೋದು. ಎಲ್ಲಿಂದ ಶುರು ಮಾಡ್ಲಿ?"

ಅಳತೆಯಿಂದ. ಬೋರ್ ಲೈನಿಗೆ ಒಂದು ನೀರಿನ ಮೀಟರ್ ಹಾಕಿಸಿ. ತಿಂಗಳಿಗೊಮ್ಮೆ, ಪಂಪು ರಾತ್ರಿಯಿಡೀ ನಿಂತಿದ್ದಾಗ, ಬೆಳಿಗ್ಗೆ ನೀರಿನ ಮಟ್ಟ ಅಳೆಯಿರಿ. ಡಿಪ್ ಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ತುದಿಗೆ ಭಾರ ಕಟ್ಟಿದ ಟೇಪು. ಪಂಪಿನ ವೈರಿಗೆ ಸಿಕ್ಕಿಕೊಳ್ಳದ ಹಾಗೆ ಹುಷಾರಾಗಿ ಇಳಿಸಿ. ಪಕ್ಕದ ಎರಡು ಸೊಸೈಟಿಯವರನ್ನೂ ಒಪ್ಪಿಸಿದರೆ ಚಿತ್ರ ಇನ್ನೂ ಸ್ಪಷ್ಟ ಆಗುತ್ತದೆ. ಮೇ ಮತ್ತು ಅಕ್ಟೋಬರ್ ಅಂಕಿಗಳನ್ನು ಬೇರೆಯಾಗಿ ಬರೆದಿಡಿ. ಅಕ್ಟೋಬರ್ ಮಟ್ಟ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತಿದ್ದರೆ ಮಳೆ ಹಾಕಿದ್ದಕ್ಕಿಂತ ಜಾಸ್ತಿ ನೀವು ತೆಗೆಯುತ್ತಿದ್ದೀರಿ ಎಂದೇ ತಿಳಿಯಿರಿ. ವಾರ್ಷಿಕ ಸಭೆಯಲ್ಲಿ ಹೊಸ ಬೋರಿನ ಠರಾವು ಬಂದಾಗ ಆ ಹಾಳೆಯನ್ನು, ಟ್ಯಾಂಕರ್ ಬಿಲ್ಲಿನ ಮೊತ್ತದ ಜೊತೆ, ಮರಾಠಿಯಲ್ಲೂ ಹಿಂದಿಯಲ್ಲೂ ಬರೆಸಿ ಎಲ್ಲರ ಕೈಗೆ ಕೊಡಿ.